ನೂರಾ ಹದಿನೇಳನೆಯ ಕೈ

ಈ ವರ್ಷ ಮೂರು ತಿಂಗಳು ನನಗೆ ಹೆಸರಿರಲಿಲ್ಲ. ಸರಕಾರ ಅದನ್ನು ತೆಗೆದಿಟ್ಟುಕೊಂಡು ನನ್ನ ಕೈಗೊಂದು ನಂಬರು ಕೊಟ್ಟಿತ್ತು: ನೂರಾ ಹದಿನೇಳು. ನನ್ನ ಒಳ್ಳೆಯದಕ್ಕೇ ಕೊಟ್ಟದ್ದಂತೆ. ಈಗ ಯಾರಾದರೂ ನಿನ್ನ ಒಳ್ಳೆಯದಕ್ಕೆ ಎಂದು ಮಾತು ಶುರುಮಾಡಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಮುಬಾಶಿರಾ. ಊರು ಕಾರಟಗಿ. ಗಂಗಾವತಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಮೂರು ವರ್ಷವಾಯಿತು. ಅಬ್ಬಾ ಟಿಪ್ಪುಸಾಬ, ದೊಡ್ಡಬಸಪ್ಪ ಸಾವ್ಕಾರರ ಅಕ್ಕಿ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಭತ್ತ ನೋಡುವ ಕೆಲಸ ಮಾಡಿದವರು. ಅದಕ್ಕೆ ಆಗ ಬೇರೆ ಹೆಸರಿರಲಿಲ್ಲ. ಲಾರಿ ಗೇಟಿಗೆ ಬಂದು ನಿಂತ ಕೂಡಲೇ ಚೀಲದಿಂದ ಒಂದು ಹಿಡಿ ಭತ್ತ ತೆಗೆದು, ಇದರಲ್ಲಿ ಹಸಿ ಎಷ್ಟಿದೆ, ಕೊಳ್ಳಬೇಕೋ ಬಿಡಬೇಕೋ ಎಂದು ಹೇಳಬೇಕು. ಹಸಿ ಭತ್ತವನ್ನು ಗಿರಣಿಗೆ ಹಾಕಿದರೆ ಅಕ್ಕಿ ನುಚ್ಚಾಗುತ್ತದೆ, ಗೋದಾಮಿನಲ್ಲಿಟ್ಟರೆ ಮುಗ್ಗಾಗುತ್ತದೆ. "ಟಿಪ್ಪುಸಾಬ ನೋಡಿದ್ನೇನು?" ಎಂದು ಸಾವ್ಕಾರರು ಒಂದು ಮಾತು ಕೇಳುತ್ತಿದ್ದರು. ಅಬ್ಬಾ ತಲೆಯಾಡಿಸಿದರೆ ಲಾರಿ ಒಳಗೆ, ಇಲ್ಲವಾದರೆ ಬಂದ ದಾರಿಗೆ. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂತು. ಆಪರೇಶನ್ ಆದರೂ ಒಂದು ಕಣ್ಣು ಮಬ್ಬಾಗಿಯೇ ಉಳಿಯಿತು, ಅಬ್ಬಾ ಮನೆ ಹಿಡಿದರು. ಈಗ ಅದೇ ಕೆಲಸಕ್ಕೆ ಗುಣಮಟ್ಟ ಪರಿವೀಕ್ಷಕ ಎಂಬ ದೊಡ್ಡ ಹೆಸರು ಬಂದಿದೆ, ವಿಜ್ಞಾನದ ಡಿಗ್ರಿ ಬೇಕಾಗಿದೆ. ನನ್ನ ಹತ್ತಿರ ಡಿಗ್ರಿ ಇತ್ತು, ಅಬ್ಬಾ ಕಲಿಸಿದ ಕೈಯೂ ಇತ್ತು. ಕೆಲಸವೊಂದು ಇರಲಿಲ್ಲ.

ಹುಡುಕದೆ ಕೂತವಳಲ್ಲ ನಾನು. ಗಂಗಾವತಿಯ ಒಂದು ಗೋದಾಮಿನವರು ಹೆಸರು ಕೇಳುವವರೆಗೆ ಕುರ್ಚಿ ಕೊಟ್ಟು ಕೂರಿಸಿದ್ದರು, ಹೆಸರು ಹೇಳಿದ ಮೇಲೆ ಫೋನ್ ಮಾಡುತ್ತೇವೆ ಎಂದರು. ಕುಷ್ಟಗಿಯ ಬೀಜದ ಕಂಪನಿಯೊಂದರವರೂ ಫೋನ್ ಮಾಡುತ್ತೇವೆ ಎಂದಿದ್ದರು. ಎರಡು ವರ್ಷದಿಂದ ಪಾಪ ಅವರಿಗೆ ನೆಟ್‌ವರ್ಕ್ ಸಿಕ್ಕಿಲ್ಲ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಒಂದು ಆದೇಶ ಬಂತು. ಸರಕಾರದ ಭತ್ತವನ್ನು ಅಕ್ಕಿ ಮಾಡಿಕೊಡುವ ಮಿಲ್ಲುಗಳು ಇನ್ನು ಜಾತಿ, ಧರ್ಮ ನೋಡಿ ಕೆಲಸ ಕೊಡುವಂತಿಲ್ಲ. ಇದನ್ನು ನೋಡಿಕೊಳ್ಳಲು ಕೊಪ್ಪಳದಲ್ಲಿ ಸಮಾನ ಅವಕಾಶ ಕೋಶ ಎಂದು ಒಂದು ಕೋಣೆ ತೆರೆದರು. ಅರ್ಜಿಯಲ್ಲಿ ಹೆಸರಿಲ್ಲ, ತಂದೆಯ ಹೆಸರಿಲ್ಲ, ಫೋಟೋ ಇಲ್ಲ, ಓಣಿಯ ಹೆಸರೂ ಇಲ್ಲ. ಬರೀ ನಂಬರು. ಲಿಖಿತ ಪರೀಕ್ಷೆ ಕೋಶದವರದು, ಕೈಕೆಲಸದ ಪರೀಕ್ಷೆ ಮಿಲ್ಲಿನವರದು. ದೊಡ್ಡಬಸಪ್ಪ ಸಾವ್ಕಾರರ ಮಿಲ್ಲಿನ ಹುದ್ದೆ ಆ ಪಟ್ಟಿಯಲ್ಲಿ ಮೊದಲನೆಯದು.

ನಾನು ಕುಣಿದಾಡಿಬಿಟ್ಟೆ. ಅಮ್ಮ ಹಸನಬೀ ರೊಟ್ಟಿ ಬಡಿಯುತ್ತ ಒಂದೇ ಮಾತು ಹೇಳಿದಳು. ಮನೆಯಲ್ಲಿ ನಾವು ಆಡುವುದು ನಮ್ಮ ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಹೆಸರು ಮುಚ್ಚಿಟ್ಟು ಕೊಡೋ ಕೆಲಸ, ಹೆಸರು ತೆರೆದ ಮ್ಯಾಲ ಉಳೀತೈತೇನು?"

"ನಿನಗ ತಿಳಿಯಂಗಿಲ್ಲ, ಸುಮ್ನಿರಮ್ಮಾ," ಎಂದೆ. ತಿಳಿಯದವಳು ನಾನಾಗಿದ್ದೆ.

ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತಾರು ಬಂತು. ಕೊಪ್ಪಳದ ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನೂರಾ ಹದಿನೇಳು ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗೆ ಅರವತ್ತನಾಲ್ಕು ಎಂಬ ನಂಬರು, ಅವನದು ಎಪ್ಪತ್ತೊಂಬತ್ತು ಅಂಕ. ಗೋಡೆಯ ಮುಂದೆ ನಿಂತು ಅತ್ತೆ. ನನ್ನನ್ನು ಯಾರೆಂದು ಕೇಳದೆಯೇ ಮೇಲೆ ಕೂರಿಸಿದ್ದರಲ್ಲ, ಅದಕ್ಕೆ.

ಕೈಕೆಲಸದ ಪರೀಕ್ಷೆ ಮಿಲ್ಲಿನಲ್ಲೇ ಇಟ್ಟಿದ್ದರು. ಕೋಶದವರ ಏರ್ಪಾಟು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಫೀಸಿನ ನಡುವೆ ಹಗ್ಗ ಕಟ್ಟಿ ಎರಡು ಬೆಡ್‌ಶೀಟು ಇಳಿಬಿಟ್ಟಿದ್ದರು. ಮೇಜಿನ ಅರ್ಧ ಪರದೆಯ ಈಚೆ, ಅರ್ಧ ಆಚೆ. ಒಬ್ಬೊಬ್ಬರೇ ಹಿತ್ತಲ ಬಾಗಿಲಿನಿಂದ ಬಂದು ಕೂತು, ಪರದೆಯ ಕೆಳಗಿನಿಂದ ಕೈ ಮಾತ್ರ ಆಚೆ ಚಾಚಬೇಕು. ಮಾತಾಡುವಂತಿಲ್ಲ, ಉತ್ತರವನ್ನು ಚೀಟಿಯಲ್ಲಿ ಬರೆಯಬೇಕು. ಬಳೆ, ಉಂಗುರ, ತಾಯಿತ, ಕೈದಾರ ಯಾವುದೂ ಇರಬಾರದು, ಮೆಹಂದಿ ಹಚ್ಚಿರಬಾರದು ಎಂದು ಮೊದಲೇ ಮೆಸೇಜು ಬಂದಿತ್ತು. ಕೈ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಆದೇಶದಲ್ಲಿ ಅದರ ಸುದ್ದಿ ಇರಲಿಲ್ಲ.

ಪರದೆಯ ಆಚೆ ಕೂತಿದ್ದವರು ಮೂವರು. ಕೋಶದ ಅಧಿಕಾರಿ ಶಿವಲೀಲಾ ಮೇಡಂ. ಈಗ ಮಿಲ್ಲು ನಡೆಸುವ ಪ್ರಭುರಾಜ, ಸಾವ್ಕಾರರ ಮಗ. ಮತ್ತು ತಜ್ಞರೆಂದು ಕೂರಿಸಿದ್ದ ದೊಡ್ಡಬಸಪ್ಪ ಸಾವ್ಕಾರರು. ಮೇಜಿನ ಮೇಲೆ ಐದು ಹಿತ್ತಾಳೆ ತಟ್ಟೆಗಳಲ್ಲಿ ಐದು ಬಗೆಯ ಭತ್ತ. ಒಂದೊಂದರ ಹಸಿ ನೂರಕ್ಕೆ ಎಷ್ಟೆಂದು ಬರೆಯಬೇಕು, ಹಸಿ ಅಳೆಯುವ ಮಶಿನ್ನು ಇಲ್ಲದೆ.

ಭತ್ತ ನೋಡುವವರು ಎಲ್ಲ ಕಡೆಯೂ ಮಾಡುವುದು ಒಂದೇ. ಎರಡು ಕಾಳನ್ನು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಟ್ಟೆಂದು ಕಚ್ಚುತ್ತಾರೆ. ಒಣಗಿದ್ದರೆ ಸಿಡಿದು ಎರಡಾಗುತ್ತದೆ, ಹಸಿಯಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕಚ್ಚಿದ ಕಾಳನ್ನು ತಟ್ಟೆಯ ಅಂಚಿಗಿಟ್ಟು ಒಳಗಿನ ಬಣ್ಣ ನೋಡುತ್ತಾರೆ. ನನಗಿಂತ ಮೊದಲು ಬಂದುಹೋದವರೆಲ್ಲ ಹಾಗೇ ಮಾಡಿದ್ದರು.

ಅವತ್ತು ನನ್ನದು ರಂಜಾನಿನ ಒಂಬತ್ತನೆಯ ರೋಜಾ, ಅಂದರೆ ಉಪವಾಸ.

ನುಂಗದೆ ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಹೇಳುವ ಹಿರಿಯರೂ ಇದ್ದಾರೆ. ಆದರೆ ಅಬ್ಬಾ ಮೂವತ್ತೊಂದು ರಂಜಾನಿನಲ್ಲಿ ಒಂದು ದಿನವೂ ಕಾಳನ್ನು ತುಟಿಗೆ ತಾಗಿಸಿದವರಲ್ಲ. ಅದಕ್ಕೆಂದೇ ಅವರು ಬೇರೊಂದು ರೀತಿ ಮಾಡಿಕೊಂಡಿದ್ದರು. ಒಂದು ಹಿಡಿ ಭತ್ತವನ್ನು ಕಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುವುದು, ತಡೆಯುವುದು, ಮತ್ತೊಂದು ಸಲ ಅಲ್ಲಾಡಿಸುವುದು. ಆಮೇಲೆ ಗೇಣುದ್ದ ಮೇಲಿನಿಂದ ತಟ್ಟೆಗೆ ಸುರಿದು ಬಿದ್ದ ಸಪ್ಪಳ ಕೇಳುವುದು. ಒಣ ಭತ್ತ ಗಲಗಲ ಎನ್ನುತ್ತದೆ, ಹಸಿ ಭತ್ತ ದಪ್ಪಗೆ ಬೀಳುತ್ತದೆ. ನಡುವಿನದನ್ನೆಲ್ಲ ಕಿವಿಯೇ ಕಲಿಯಬೇಕು. ನಾನು ಏಳನೆಯ ವಯಸ್ಸಿನಿಂದ ಕಲಿತವಳು.

ಪರದೆಯ ಹಿಂದೆ ನಾನು ಕಾಳು ಕಚ್ಚಿದ್ದರೆ ಯಾರೂ ನೋಡುತ್ತಿರಲಿಲ್ಲ. ಬರೀ ತೋರಿಕೆಗೆ ಬೆರಳಿನಿಂದ ನಾಲ್ಕು ಕಾಳು ಒಡೆದು ತಟ್ಟೆಯ ಅಂಚಿಗೆ ಇಟ್ಟಿದ್ದರೂ ನಡೆಯುತ್ತಿತ್ತು. ಈ ಬುದ್ಧಿ ಬಂದದ್ದು ಮನೆಗೆ ಬಂದ ಮೇಲೆ. ಅಲ್ಲಿ ಮಾತ್ರ ಕೈ ತನ್ನಷ್ಟಕ್ಕೆ ತಾನೇ ಹಿಡಿ ತುಂಬಿಕೊಂಡು ಕಿವಿಯ ಹತ್ತಿರ ಹೋಯಿತು.

ಎರಡನೆಯ ತಟ್ಟೆಗೆ ಬರುವಾಗ ಶಿವಲೀಲಾ ಮೇಡಂಗೆ ಮೇಲಿನ ಸಾಹೇಬರ ಫೋನು ಬಂತು, ಅವರು ಹೊರಗೆ ಹೋದರು. ಕಾಳು ಅಲ್ಲಾಡಿಸಿದ ಸಪ್ಪಳ ಪರದೆ ದಾಟಿ ಕೇಳಿಸುತ್ತಿತ್ತು. ನಾನು ಮೂರನೆಯ ತಟ್ಟೆಯ ಭತ್ತ ಸುರಿದದ್ದೇ ತಡ, ಆಚೆಯಿಂದ ದೊಡ್ಡಬಸಪ್ಪ ಸಾವ್ಕಾರರ ದನಿ ಗುಡುಗಿತು.

"ಎಲಾ ಇವನ! ಇದು ಟಿಪ್ಪುಸಾಬನ ಕೈಯಲ್ಲೋ ಪ್ರಭೂ! ಹಿಂಗ ಮೂರ್ಸಲ ಅಲ್ಲಾಡಿಸಿ, ತಡದು, ಸುರುವಿ ನೋಡಾಂವ ಈ ಕಾಲುವಿ ಸೀಮಿಯೊಳಗ ಅವನೊಬ್ಬನ. ಅವನ ಮಗಳ ಇರಬೇಕು ಇಕಿ!"

ಅವರಿಗೆ ಎಷ್ಟು ಖುಷಿಯಾಗಿತ್ತೆಂದರೆ ಮೇಜು ಗುದ್ದಿದರು. ಪರದೆಯ ಈಚೆ ನಾನೂ ನಗುತ್ತಿದ್ದೆ. ಹೆಡ್ಡಿ. ಅಬ್ಬಾನ ಕೈ ಗುರುತು ಹಿಡಿದರಲ್ಲ ಎಂದು ಉಬ್ಬಿಹೋಗಿದ್ದೆ. ಪ್ರಭುರಾಜನ ಕಡೆಯಿಂದ ಪೆನ್ನಿನ ಗುಂಡಿಯನ್ನು ಒತ್ತಿ ಒತ್ತಿ ಬಿಡುತ್ತಿದ್ದ ಸಪ್ಪಳ ಮಾತ್ರ ಕೇಳುತ್ತಿತ್ತು. ಆ ಸಪ್ಪಳ ಏನು ಹೇಳುತ್ತಿದೆ ಎಂದು ನನ್ನ ಕಿವಿಗೆ ಅವತ್ತು ತಿಳಿಯಲಿಲ್ಲ.

ಐದಕ್ಕೆ ಐದೂ ಸರಿಯಾಗಿ ಬರೆದಿದ್ದೆ. ಮಶಿನ್ನಿನ ಲೆಕ್ಕಕ್ಕೂ ನನ್ನದಕ್ಕೂ ಎಲ್ಲಿಯೂ ಅರ್ಧ ಪರ್ಸೆಂಟಿನ ಮೇಲೆ ಫರಕಿರಲಿಲ್ಲ ಎಂದು ಶಿವಲೀಲಾ ಮೇಡಂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಅರವತ್ತನಾಲ್ಕು ನಂಬರಿನವನದು ಮೂರು ಸರಿ.

ಮೂರನೆಯ ದಿನ ಪ್ರಭುರಾಜ ಅಬ್ಬಾನನ್ನು ಕರೆಸಿದ. ಕಣ್ಣು ಸರಿಯಿಲ್ಲವೆಂದು ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಮಿಲ್ಲಿನ ಪಡಸಾಲೆಯಲ್ಲಿ ದೊಡ್ಡಬಸಪ್ಪ ಸಾವ್ಕಾರರು ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಪ್ರಭುರಾಜ ಎದ್ದು ಬಂದು ಅಬ್ಬಾನಿಗೆ ತಾನೇ ಕುರ್ಚಿ ಎಳೆದು ಹಾಕಿದ. ಮರ್ಯಾದೆಗೆ ಏನೂ ಕೊರತೆಯಿರಲಿಲ್ಲ.

"ಕಾಕಾ, ನಿಮ್ಮ ಕೈಯಾಗ ಆಡಿ ಬೆಳೆದಾಂವ ನಾ. ನನ್ನ ಮನಸಿನ್ಯಾಗ ಏನೂ ಇಲ್ಲ. ಆದ್ರ ಈಗ ದಿನಮಾನ ಬ್ಯಾರೆ ಅದಾವ. ನಿಮ್ಮ ಮಂದೀನ ಗೇಟಿನ್ಯಾಗ ಕುಂದ್ರಿಸಿದ್ರ ವ್ಯಾಪಾರಸ್ಥರು ಮಾರಿ ತಿರುವ್ತಾರ. ಮೊಬೈಲಿನ್ಯಾಗ ಏನೇನೋ ಬರದು ಹಾಕ್ತಾರ. ತಂಗಿ ತಾನ ಅರ್ಜಿ ಹಿಂದಕ್ಕ ತೊಗೊಂಡ್ರ ಎಲ್ಲಾರಿಗೂ ಛಲೋ."

ಅಬ್ಬಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಮೂವತ್ತೊಂದು ವರ್ಷ ಯಾರೂ ಮಾರಿ ತಿರುವಲಿಲ್ಲಲ್ರಿ ಅಣ್ಣಾರ? ಅಬ್ಬಾ ನೋಡಿದ ಭತ್ತ ಅಂದ್ರ ಗಂಗಾವತಿ ಮಂದಿ ಕಣ್ಣು ಮುಚ್ಚಿ ತೊಗೊಂತಿದ್ರು."

"ಅದು ಅವಾಗ, ತಂಗಿ."

"ಆತು ಬಿಡ್ರಿ," ಎಂದರು ಅಬ್ಬಾ. ಅವರ ಬಾಯಲ್ಲಿ ಯಾವಾಗಲೂ ಅದೊಂದೇ. ಆತು ಬಿಡ್ರಿ. ನಾನು ಸಾವ್ಕಾರರ ಕಡೆ ನೋಡಿದೆ. ಮೂರು ದಿನದ ಹಿಂದೆ ಮೇಜು ಗುದ್ದಿದ ಮನುಷ್ಯ ಪೇಪರಿನ ಹಾಳೆ ತಿರುವಿದರು.

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಾರದ ಮೇಲೆ ಮಿಲ್ಲಿನ ಕಾಗದ ಬಂತು. 'ಅಭ್ಯರ್ಥಿ ಸಂಖ್ಯೆ ೧೧೭, ರೂಢಿಯ ವಿಧಾನದಂತೆ ಕಾಳನ್ನು ಕಚ್ಚಿ ಪರೀಕ್ಷಿಸಿರುವುದಿಲ್ಲವಾದ್ದರಿಂದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅನುತ್ತೀರ್ಣ.' ಉತ್ತರ ಐದೂ ಸರಿಯಂತೆ, ಆದರೆ ಬಾಯಿಯಿಂದ ಬರಬೇಕಿತ್ತಂತೆ. ಕೆಲಸ ಅರವತ್ತನಾಲ್ಕಕ್ಕೆ ಹೋಯಿತು. ಅಮ್ಮ ಕಾಗದ ಓದಿಸಿ ಕೇಳಿ ಹಣೆ ಬಡಿದುಕೊಂಡಳು.

"ಒಂದು ಕಾಳು ಕಚ್ಚಿದ್ರ ಏನಾಗ್ತಿತ್ತ? ಮನಿ ನಡಸೋ ಸಲುವಾಗಿ ಕಚ್ಚಿದ್ರ ಅಲ್ಲಾ ಸಿಟ್ಟಾಗ್ತಿದ್ನೇನು?"

ಅಲ್ಲಾ ಸಿಟ್ಟಾಗುತ್ತಿರಲಿಲ್ಲ ಎಂದು ನನಗೂ ಗೊತ್ತು. ಆ ಮಾತು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. ಆದರೆ ಸರಿಯಾಗಿ ಕೆಲಸ ಮಾಡಿದವಳು ನಾನು. ಯಾಕೆ ನಾನೇ ಹಲ್ಲು ಕಚ್ಚಬೇಕು? ಮರುದಿನವೇ ಕೊಪ್ಪಳದ ಬಸ್ಸು ಹತ್ತಿದೆ.

ಧರ್ಮ ನೋಡಿ ಕೆಲಸ ತಪ್ಪಿಸಿದ್ದಾರೆ ಎಂದು ದೂರು ಬರೆದು ಕೆಳಗೆ ಸಹಿ ಮಾಡಿ ಕೊಟ್ಟಿದ್ದೆ. ಕೋಶದವರು ವಾಪಸು ಕೊಟ್ಟರು. ಹೆಸರು ಬರೆದದ್ದು ಗೋಪ್ಯತೆಯ ನಿಯಮಕ್ಕೆ ವಿರುದ್ಧ, ನಂಬರು ಬರೆಯಿರಿ ಎಂದರು. ನಂಬರು ಬರೆದು ಕೊಟ್ಟೆ. ಕೆಳಗಿನ ಟಪಾಲು ವಿಭಾಗದವರು ವಾಪಸು ಕೊಟ್ಟರು. ಹೆಸರಿಲ್ಲದ ದೂರು ಅನಾಮಧೇಯ, ತೆಗೆದುಕೊಳ್ಳುವುದಿಲ್ಲ ಎಂದರು. ಮೇಲಿನ ಮಾಳಿಗೆಗೂ ಕೆಳಗಿನ ಮಾಳಿಗೆಗೂ ಎಷ್ಟು ಸಲ ಹತ್ತಿ ಇಳಿದೆನೋ. ಬಾಯಾರಿ ಸಾಯುತ್ತಿದ್ದೆ, ರೋಜಾ ಬಿಡುವ ಇಫ್ತಾರಿಗೆ ಇನ್ನೂ ನಾಲ್ಕು ತಾಸಿತ್ತು. ಕೊನೆಗೆ ಎರಡು ದೂರು ಬರೆದೆ, ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ನಂಬರು. ಯಾವುದು ಯಾರಿಗೆ ಬೇಕೋ ತೆಗೆದುಕೊಳ್ಳಲಿ ಎಂದು ಮೇಜಿನ ಮೇಲೆ ಇಟ್ಟು ಬಂದೆ.

ಆಮೇಲೆ ಧರ್ಮದ ದೃಢೀಕರಣ ತನ್ನಿ ಎಂದರು. ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ, ರೇಶನ್ ಕಾರ್ಡು, ಶಾಲೆಯ ದಾಖಲೆ, ಗ್ರಾಮ ಲೆಕ್ಕಿಗರ ವರದಿ. ನಾನು ಮುಸ್ಲಿಂ ಎಂದು ಪ್ರಭುರಾಜನಿಗೆ ಮೂರನೆಯ ತಟ್ಟೆಗೇ ಗೊತ್ತಾಗಿತ್ತು. ಸರಕಾರಕ್ಕೆ ಗೊತ್ತಾಗಲಿಕ್ಕೆ ಹನ್ನೊಂದು ದಿನ ಬೇಕಾಯಿತು.

ವಿಚಾರಣೆ ರಂಜಾನ್ ಹಬ್ಬ ಮುಗಿದ ಮೇಲೆ ಕೊಪ್ಪಳದಲ್ಲಿ ನಡೆಯಿತು. ಅಬ್ಬಾ ಹಬ್ಬದ ಜುಬ್ಬಾ ಹಾಕಿಕೊಂಡು ನನ್ನ ಜೊತೆ ಬಂದರು. ಆ ಕಡೆ ಪ್ರಭುರಾಜ, ಅವನ ಪಕ್ಕದಲ್ಲಿ ಬಿಳಿ ಧೋತರ ಉಟ್ಟ ದೊಡ್ಡಬಸಪ್ಪ ಸಾವ್ಕಾರರು. ಅವರನ್ನು ಸಾಕ್ಷಿ ಎಂದು ಕರೆಸಿದ್ದು ನಾನೇ. ಪರದೆಯ ಆಚೆಗೆ ನಾನು ಯಾರೆಂದು ಗೊತ್ತಾದದ್ದು ಅವರ ಮಾತಿನಿಂದ, ಪಡಸಾಲೆಯಲ್ಲಿ ಮಗ ಆಡಿದ ಮಾತನ್ನು ಕೇಳಿದ್ದೂ ಅವರು. ಅಬ್ಬಾನ ಸಾಕ್ಷಿ ನಡೆಯುವುದಿಲ್ಲ, ಅವರು ದೂರುದಾರಳ ಸಂಬಂಧಿಕರು ಎಂದು ಮೊದಲೇ ಹೇಳಿದ್ದರು. ಸಾವ್ಕಾರರು ಪ್ರಭುರಾಜನ ಸಂಬಂಧಿಕರಲ್ಲವೇ ಎಂದು ಕೇಳಿದ್ದಕ್ಕೆ, ಅವರು ತಜ್ಞರು ಎಂದರು.

ಶಿವಲೀಲಾ ಮೇಡಂ ಕೆಟ್ಟವರಲ್ಲ. ಬೇವೂರಿನ ಒಕ್ಕಲಿಗರ ಮನೆಯ ಹೆಣ್ಣುಮಗಳು, ಸ್ವಂತ ಓದಿನಿಂದ ಆ ಕುರ್ಚಿಗೆ ಬಂದವರು. ನಾನು ಹೋದ ಕೂಡಲೇ ನೀರು ತರಿಸಿ ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದ ಹಾಗೆ ಒಳ್ಳೆಯವರು, ಅದೇ ನನ್ನ ಕಷ್ಟ.

"ಸಾವ್ಕಾರ್ರ, ಪರೀಕ್ಷೆ ನಡೆದಾಗ ನೀವು ಅಭ್ಯರ್ಥಿಯ ಗುರುತು ಹಿಡಿದ್ರೇನ್ರಿ?" ಎಂದು ಮೇಡಂ ಕೇಳಿದರು.

"ಹಿಡಿದ್ನಿರಿ. ಇದು ಟಿಪ್ಪುಸಾಬನ ಕೈ ಅಂದೆ. ಸುಳ್ಳು ಯಾಕ ಹೇಳ್ಲಿ," ಎಂದರು ಸಾವ್ಕಾರರು. ನನ್ನ ಜೀವ ಹಗುರಾಯಿತು. ಅಬ್ಬಾ ನನ್ನ ಮಣಿಕಟ್ಟು ಒತ್ತಿದರು.

"ಅವರ ಧರ್ಮದ ಬಗ್ಗೆ ಏನಾರ ಹೇಳಿದ್ರಾ?"

"ಇಲ್ರಿ. ಹೆಸರು ಅಂದೆ, ಅಷ್ಟ."

ಮೇಡಂ ಪಕ್ಕದ ಗುಮಾಸ್ತನಿಗೆ ಬರೆಸಿದರು: ಧರ್ಮದ ಪ್ರಸ್ತಾಪ ಆಗಿರುವುದಿಲ್ಲ. ನಾನು ಎದ್ದು ನಿಂತುಬಿಟ್ಟೆ.

"ಮೇಡಂರಿ, ಟಿಪ್ಪುಸಾಬ ಅಂದ ಮ್ಯಾಲ ಯಾವ ಧರ್ಮ ಅಂತ ಬ್ಯಾರೆ ಹೇಳಬೇಕೇನ್ರಿ?"

"ಹೆಸರು ನೋಡಿ ಧರ್ಮ ಊಹೆ ಮಾಡಬಾರದವ್ವಾ. ನಮ್ಮ ನಿಯಮ ಮಾಡಿದ್ದ ಅದಕ್ಕ."

ಅಷ್ಟು ಹೇಳಿದ್ದು ಸಾಲದೆಂಬಂತೆ ಪ್ರಭುರಾಜ ಬಾಯಿ ಹಾಕಿದ.

"ಖರೇ ಐತ್ರಿ ಮೇಡಂ. ನಮ್ಮ ಕಡೆ ಹುಸೇನಪ್ಪ, ಫಕೀರಪ್ಪ ಅಂತ ನಮ್ಮವರ ಎಷ್ಟ ಮಂದಿ ಅದಾರ. ಮೊಹರಮ್ಮಿಗೆ ನಮ್ಮ ಮನ್ಯಾಗೂ ಪೀರ ದೇವ್ರ ಮುಂದ ಸಕ್ರಿ ಓದಸ್ತೀವಿ. ಹೆಸರಿನ ಮ್ಯಾಲ ನಾವೆಂದೂ ಭೇದ ಮಾಡಿದವರಲ್ಲ."

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅವರ ಮನೆಯವರು ಹರಕೆ ಹೊತ್ತು ಮೊಹರಮ್ಮಿನ ಬೆಂಕಿಕುಣಿ ಅಲಾವಿಗೆ ಬರುವುದನ್ನು ಚಿಕ್ಕಂದಿನ ತುಂಬ ನೋಡಿದ್ದೇನೆ. ಊರು ನೂರಾರು ವರ್ಷ ಕೂಡಿ ಬಾಳಿದ ಒಳ್ಳೆಯತನವನ್ನೆಲ್ಲ ಗುಡ್ಡೆ ಹಾಕಿ ಅವನು ನನ್ನ ದಾರಿಗೆ ಅಡ್ಡ ಇಟ್ಟುಬಿಟ್ಟ. ಸಿಟ್ಟಿಗೆ ಅಳು ಬಂದರೆ ಎಷ್ಟು ನಾಚಿಕೆಯಾಗುತ್ತದೆ ಎಂದು ಬಂದವರಿಗೇ ಗೊತ್ತು.

ಮೇಡಂ ಕೊನೆಯ ಪ್ರಶ್ನೆ ಕೇಳಿದರು. "ಸಾವ್ಕಾರ್ರ, ಮಿಲ್ಲಿನ ಪಡಸಾಲಿಯೊಳಗ ನಿಮ್ಮ ಮಗ ಟಿಪ್ಪುಸಾಬರಿಗೆ 'ನಿಮ್ಮ ಮಂದೀನ ಕುಂದ್ರಿಸಿದ್ರ ವ್ಯಾಪಾರಸ್ಥರು ಮಾರಿ ತಿರುವ್ತಾರ' ಅಂದ್ರು ಅಂತ ದೂರಿನ್ಯಾಗ ಐತಿ. ನೀವು ಅಲ್ಲೇ ಇದ್ರಂತ. ಕೇಳಿದ್ರೇನು?"

ಸಾವ್ಕಾರರು ಮಗನ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ತಮ್ಮ ಅಂಗೈ ನೋಡಿಕೊಂಡರು.

"ನಾ ಅವಾಗ ದೇವರ ಖೋಲಿಗೆ ಹೋಗಿದ್ನಿರಿ."

ಅಬ್ಬಾ ನನ್ನ ಮಣಿಕಟ್ಟು ಬಿಟ್ಟರು. ಹೊರಗೆ ಬಂದ ಮೇಲೆ ಆತು ಬಿಡು ಎನ್ನುತ್ತಾರೆಂದು ಕಾದೆ. ಅವರು ಅದನ್ನೂ ಹೇಳಲಿಲ್ಲ. ಗಂಗಾವತಿಯವರೆಗೆ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಆದೇಶ ಹದಿನೈದು ದಿನಕ್ಕೆ ಬಂತು. 'ಅಭ್ಯರ್ಥಿಯ ಹೆಸರು ಗೋಪ್ಯವಾಗಿದ್ದು, ಸದರಿಯವರ ಧರ್ಮ ಮಾಲೀಕರಿಗೆ ತಿಳಿದಿತ್ತೆಂಬುದಕ್ಕೆ ದಾಖಲೆ ಇರುವುದಿಲ್ಲ. ತಿಳಿಯದ ಧರ್ಮದ ಆಧಾರದ ಮೇಲೆ ತಾರತಮ್ಯ ಸಾಧ್ಯವಿಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಿದೆ. ಆದಾಗ್ಯೂ, ಮುನ್ನೆಚ್ಚರಿಕೆಯ ಕ್ರಮವಾಗಿ, ಮುಂದಿನ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳು ಕಡ್ಡಾಯವಾಗಿ ಕೈಗವಸು ಧರಿಸತಕ್ಕದ್ದು.'

ಕೈಗವಸು ಹಾಕಿಕೊಂಡು ಭತ್ತ ನೋಡಬೇಕಂತೆ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ, ಇವರು ಅಂಗಳವೇ ಬೇಡ ಎಂದರು. ನನ್ನನ್ನು ಕಾಪಾಡಲು ಕಟ್ಟಿದ ಪರದೆ ಪ್ರಭುರಾಜನನ್ನು ಕಾಪಾಡಿತು. ಆ ಕಾಗದವನ್ನು ಹರಿದು ಒಲೆಗೆ ಹಾಕಲು ಹೋದೆ. ಮುಂದಕ್ಕೆ ಬೇಕಾಗಬಹುದು ಎಂದು ಅಮ್ಮ ಕಸಿದುಕೊಂಡು ಟ್ರಂಕಿನಲ್ಲಿಟ್ಟಳು. ಯಾವುದಕ್ಕೆ ಬೇಕಾಗುತ್ತದೋ ಅವಳಿಗೇ ಗೊತ್ತು.

ಏಪ್ರಿಲ್ ಕೊನೆಗೆ ಬೇಸಿಗೆ ಬೆಳೆ ಕೊಯ್ಲಿಗೆ ಬಂತು, ಅದರ ಜೊತೆಗೆ ಎರಡು ದಿನ ಅಕಾಲದ ಮಳೆಯೂ ಬಂತು. ರಸ್ತೆಯ ಮೇಲೆ ಒಣಗಲು ಹಾಕಿದ್ದ ಭತ್ತವೆಲ್ಲ ನೆನೆಯಿತು. ಮೂರನೆಯ ದಿನ ಬೆಳಗ್ಗೆ ಒಂಬತ್ತರ ಸುಮಾರಿಗೆ ನಮ್ಮ ಬಾಗಿಲಲ್ಲಿ ದೊಡ್ಡಬಸಪ್ಪ ಸಾವ್ಕಾರರು ನಿಂತಿದ್ದರು. ನಮ್ಮ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲೇ ಇದೆ, ಆದರೂ ಅವರು ಬಂದದ್ದು ಅಪರೂಪ. ಅಮ್ಮ ಗಡಿಬಿಡಿಯಿಂದ ಹೊರಸಿನ ಮೇಲೆ ಚಾದರ ಹಾಸಿದಳು, ಚಹಾಕ್ಕೆ ಇಟ್ಟಳು. ಅವರು ಟವೆಲಿನ ಚುಂಗಿಗೆ ಕಟ್ಟಿಕೊಂಡಿದ್ದ ಗಂಟನ್ನು ಬಿಚ್ಚಿದರು. ಭತ್ತ.

"ಟಿಪ್ಪೂ, ಎರಡು ಮಶಿನ್ನು ಎರಡು ಥರ ಹೇಳಾಕತ್ತಾವ. ಒಂದು ಹದಿನೇಳು ಅಂತೈತಿ, ಒಂದು ಇಪ್ಪತ್ತೊಂದು ಅಂತೈತಿ. ನಾವು ತೊಗೊಂಡ ಆ ಹೊಸಾ ಹುಡುಗ ಕಚ್ಚಿ ಕಚ್ಚಿ ಹಲ್ಲು ನೋಸ್ಕೊಂಡಾನ, ಅವನಿಗೇನೂ ತಿಳಿವಲ್ದು. ಹನ್ನೆರಡು ಲಾರಿ ನಿಂತಾವ. ಹದಿನೇಳಿದ್ರ ಒಳಗ ಬಿಡ್ತೀವಿ. ಹೆಚ್ಚಿಗಿದ್ರ ಗೋದಾಮೆಲ್ಲಾ ಮುಗ್ಗ ಹಿಡೀತೈತಿ. ಒಂದೀಟು ನೋಡಿ ಹೇಳೋ."

ಅಬ್ಬಾ ಕೈ ಚಾಚಿ ಹಿಡಿ ತುಂಬಿಕೊಂಡರು. ಕಿವಿಯ ಹತ್ತಿರ ಮೂರು ಸಲ ಅಲ್ಲಾಡಿಸಿದರು, ತಡೆದರು, ಮತ್ತೊಂದು ಸಲ ಅಲ್ಲಾಡಿಸಿದರು. ಎದುರಿಗಿದ್ದ ತಟ್ಟೆಗೆ ಸುರಿದರು. ಆಮೇಲೆ ತಲೆಯಾಡಿಸಿ, "ನನ್ನ ಕಿವಿ ಈಗ ಮೊದಲಿನಂಗಿಲ್ರಿ. ಮಗಳ ಕೈಗೆ ಕೊಡ್ರಿ," ಎಂದರು.

ನಾನು ತೆಗೆದುಕೊಂಡೆ. ಅಲ್ಲಾಡಿಸಿದೆ, ಸುರಿದೆ. ಕೈ ಸುಳ್ಳು ಹೇಳುವುದಿಲ್ಲ, ಒಂದೇ ಸಲಕ್ಕೆ ಗೊತ್ತಾಯಿತು. ಸಾವ್ಕಾರರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಸುಮ್ಮನಿದ್ದುದನ್ನು ನೋಡಿ ಅವರೇ ದನಿ ತಗ್ಗಿಸಿದರು.

"ಪ್ರಭುಗ ಹೇಳೀನಿ ಯವ್ವಾ, ಅಂವಾ ಒಪ್ಯಾನ. ನೀ ದಿನಾ ಹಿತ್ತಲ ಬಾಗ್ಲಿಂದ ಬಾ. ಒಳಗ ಕೂತು ನೋಡಿ ಹೇಳು, ಗೇಟಿಗೆ ಬರೂದು ಬ್ಯಾಡ. ಪುಸ್ತಕದಾಗ ಆ ಹುಡುಗನ ಹೆಸರ ಇರ್ಲಿ. ಪಗಾರದಾಗ ನಿನಗೂ ಒಂದು ಪಾಲು ಕೊಡಸ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಅವರ ಮುಖದಲ್ಲಿ ದೊಡ್ಡ ಉಪಕಾರ ಮಾಡುತ್ತಿರುವ ಸಮಾಧಾನವಿತ್ತು. ಅಮ್ಮ ಚಹಾ ಹಿಡಿದು ಬಾಗಿಲಲ್ಲೇ ನಿಂತಳು. ಒಪ್ಪಿಕೋ ಎಂದು ಅವಳ ಕಣ್ಣು ಹೇಳುತ್ತಿತ್ತು. ಒಪ್ಪಿಕೊಂಡರೆ ನಾಳೆಯಿಂದ ಕೆಲಸ, ಮನೆಗೆ ಆಸರೆ, ಅಬ್ಬಾನ ಇನ್ನೊಂದು ಕಣ್ಣಿಗೆ ಔಷಧ. ಎಲ್ಲ ಗೊತ್ತಿತ್ತು ನನಗೆ.

"ಕೊಪ್ಪಳದಾಗ ದೇವರ ಖೋಲಿಗೆ ಹೋಗಿದ್ನಿ ಅಂದ್ರಿ. ಅಲ್ಲೆ ದೇವ್ರಿಗೆ ಏನು ಹೇಳಿದ್ರಿ ಸಾವ್ಕಾರ್ರ?"

"ಮುಬಾಶಿರಾ!" ಎಂದಳು ಅಮ್ಮ.

ಸಾವ್ಕಾರರು ತಲೆ ತಗ್ಗಿಸಿದರು. "ಹೊಟ್ಯಾಗ ಹುಟ್ಟಿದ ಮಗ ಅದಾನ ಯವ್ವಾ, ಏನ ಮಾಡ್ಲಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರ ಮೇಲೆ ಕನಿಕರ ಬಂತು, ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

"ನಾ ಒಮ್ಮೆ ಹೆಸರು ಬಿಟ್ಟು ಹಿತ್ತಲ ಬಾಗ್ಲಿಂದ ಬಂದೀನ್ರಿ. ಇನ್ನೊಮ್ಮೆ ಬರಂಗಿಲ್ಲ. ಗೇಟಿನ ಮುಂದ ಕುರ್ಚಿ ಹಾಕ್ರಿ, ಪುಸ್ತಕದಾಗ ನನ್ನ ಹೆಸರು ಬರೀರಿ. ಆವತ್ತು ಬಂದು ಹೇಳ್ತೀನಿ."

ತಟ್ಟೆಯಲ್ಲಿದ್ದ ಭತ್ತವನ್ನು ಒಂದು ಕಾಳೂ ಬಿಡದಂತೆ ಬಳಿದು ಅವರ ಟವೆಲಿನ ಚುಂಗಿಗೆ ಹಾಕಿ ಗಂಟು ಕಟ್ಟಿಕೊಟ್ಟೆ. ಅವರು ಅಬ್ಬಾನ ಕಡೆ ನೋಡಿದರು. ಮೂವತ್ತೊಂದು ವರ್ಷ ಒಂದು ಮಾತಿಗೂ ಇಲ್ಲ ಎನ್ನದ ಮನುಷ್ಯ ಟೋಪಿ ತೆಗೆದು, ದೂಳು ಕೊಡವಿ, ಮತ್ತೆ ಹಾಕಿಕೊಂಡರು. ಸಾವ್ಕಾರರು ಚಹಾ ಕುಡಿಯದೆ ಎದ್ದರು.

ಅಮ್ಮ ನನ್ನ ಸಂಗಡ ಮಾತು ಬಿಟ್ಟು ಒಳಗೆ ಪಾತ್ರೆ ಕುಕ್ಕತೊಡಗಿದಳು. ಅರ್ಧ ತಾಸಿನ ಮೇಲೆ ಮಿಲ್ಲಿನ ಕಬ್ಬಿಣದ ಗೇಟು ಸರಿದ ಸದ್ದು ಓಣಿಯವರೆಗೆ ಕೇಳಿಸಿತು. ಹದಿನೇಳು ಎಂದ ಮಶಿನ್ನನ್ನೇ ನಂಬಿದರೆಂದು ಕಾಣುತ್ತದೆ, ಲಾರಿಗಳು ಒಂದರ ಹಿಂದೊಂದು ಒಳಗೆ ಹೋದವು. ಅಬ್ಬಾ ಹೊರಸಿನ ಮೇಲೆ ಕೂತು ಅವುಗಳ ಸದ್ದನ್ನು ಎಣಿಸುತ್ತಿದ್ದರು. ಹನ್ನೆರಡನೆಯದು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಇಪ್ಪತ್ತೊಂದು. ಅಲ್ಲೇನು?"

"ಹೌದು ಅಬ್ಬಾ."

"ಮೊದಲ್ನೇ ಹಿಡಿ ಸುರುವಿದಾಗನ ಗೊತ್ತಾತು ನನಗ," ಎಂದರು, ಕಿವಿ ಮೊದಲಿನಂತಿಲ್ಲ ಎಂದಿದ್ದ ನನ್ನ ಅಬ್ಬಾ.